ಜುಲೈ ಮಳೆ ಮುಚ್ಚಿಟ್ಟ ಬರ: 2023ರ ಕರ್ನಾಟಕ ಮತ್ತು ಕೇಂದ್ರದ ಬರ ಕೈಪಿಡಿ

2023ರ ಮುಂಗಾರಿನಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು: 196 ತೀವ್ರ, 27 ಸಾಧಾರಣ. ಈ ಪಟ್ಟಿ ಒಂದೇ ಏಟಿಗೆ ತಯಾರಾದದ್ದಲ್ಲ. ಸೆಪ್ಟೆಂಬರ್ 13ಕ್ಕೆ 195 ತಾಲ್ಲೂಕು, ಅಕ್ಟೋಬರ್ ಮಧ್ಯಕ್ಕೆ ಇನ್ನೂ 21, ಕೊನೆಗೆ ಮತ್ತೆ 7. ಹೊಲದಲ್ಲಿ ಬೆಳೆ ಬಾಡಿದ್ದು ಆಗಸ್ಟ್‌ನಲ್ಲಿ. ಕೇಂದ್ರದಿಂದ ಹಣ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಗೆ, ಅದೂ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ನಡುವಿನ ಎಂಟು ತಿಂಗಳನ್ನು ರಾಜಕೀಯದ ಜಗಳ ಅಂತ ಬದಿಗೆ ಸರಿಸಿದರೆ ಈ ಪ್ರಕರಣದಲ್ಲಿ ಕಲಿಯಬೇಕಾದ್ದು ಕೈತಪ್ಪುತ್ತದೆ. ಬರವನ್ನು ಅಳೆಯುವ ರಾಷ್ಟ್ರೀಯ ವಿಧಾನ ಎಲ್ಲೆಲ್ಲಿ ತಡೆಯುತ್ತದೆ ಎನ್ನುವುದು ಈ ಒಂದು ವರ್ಷದಲ್ಲಿ ಸ್ಪಷ್ಟವಾಗಿ ಕಂಡಿತು. ರಾಜಕೀಯ ಪೂರ್ತಿ ತಿಳಿಯಾಗಿದ್ದರೂ ಅದರಲ್ಲಿ ಅರ್ಧ ತೊಡಕು ಉಳಿದೇ ಇರುತ್ತಿತ್ತು.

ಮಳೆ ಬಂದ ಕ್ರಮ

ಜೂನ್ ತಿಂಗಳ ಮಳೆ ರಾಜ್ಯದ ಸರಾಸರಿಯಲ್ಲಿ ವಾಡಿಕೆಗಿಂತ ಶೇ 56 ಕಡಿಮೆ. ಜುಲೈಯಲ್ಲಿ ಶೇ 29 ಹೆಚ್ಚು. ಆಗಸ್ಟ್‌ನಲ್ಲಿ ಶೇ 73 ಕಡಿಮೆ: 220 ಮಿ.ಮೀ. ಬೀಳಬೇಕಾದ ಕಡೆ ಬಿದ್ದದ್ದು ಸುಮಾರು 60. ನಾಲ್ಕೂ ತಿಂಗಳು ಕೂಡಿಸಿದರೆ 852ಕ್ಕೆ 642 ಮಿ.ಮೀ., ಅಂದರೆ ಶೇ 25 ಕೊರತೆ.

ಈ ಕೊನೆಯ ಅಂಕಿ ನೋಡಿ ಬೆಳೆಯ ಗತಿ ಹೇಳಲು ಹೋದರೆ ಮೋಸ ಹೋಗುತ್ತೇವೆ. ಶೇ 25 ಕೊರತೆ ನಾಲ್ಕೂ ತಿಂಗಳಿಗೆ ಸಮನಾಗಿ ಹಂಚಿಹೋಗಿದ್ದರೆ ರಾಗಿ, ತೊಗರಿ ಹೇಗೋ ತಡೆದುಕೊಳ್ಳುತ್ತಿದ್ದವು. ಆದದ್ದು ಬೇರೆ. ಜೂನ್‌ನಲ್ಲಿ ಬಿತ್ತನೆಗೆ ಹದ ಸಿಗಲಿಲ್ಲ. ಜುಲೈ ಮಳೆ ನಂಬಿ ರೈತರು ತಡವಾಗಿ ಬಿತ್ತಿದರು, ಗೊಬ್ಬರ ಹಾಕಿದರು, ಕಳೆ ತೆಗೆಸಿದರು. ಎಕರೆಗೆ ಮಾಡಬೇಕಾದ ಖರ್ಚೆಲ್ಲ ಮಾಡಿ ಮುಗಿಸಿದ ಮೇಲೆ ಆಗಸ್ಟ್ ಕೈಕೊಟ್ಟಿತು. ಬಿತ್ತದೇ ಉಳಿದ ಹೊಲದ ಬರಕ್ಕೂ ಬಿತ್ತಿ ಕೈಸುಟ್ಟುಕೊಂಡ ಹೊಲದ ಬರಕ್ಕೂ ಸಾಲದ ಲೆಕ್ಕದಲ್ಲಿ ಅಜಗಜಾಂತರ. ಬರ ಅಳೆಯುವ ಕೇಂದ್ರದ ಕೈಪಿಡಿಯ ಲೆಕ್ಕದಲ್ಲಿ ಮಾತ್ರ ಎರಡನೆಯದು ತಡವಾಗಿ ಕಾಣುತ್ತದೆ. ಜುಲೈ ಕೊನೆಗೆ ಸಂಚಿತ ಮಳೆ ವಾಡಿಕೆಯ ಆಸುಪಾಸಿಗೆ ಬಂದಿತ್ತು, ಬಿತ್ತನೆ ಪ್ರದೇಶವೂ ಏರಿತ್ತು. ಎರಡೂ ಸೂಚಕಗಳು ‘ಪರವಾಗಿಲ್ಲ’ ಎನ್ನುತ್ತಿದ್ದವು.

ಕೈಪಿಡಿಯ ಮೆಟ್ಟಿಲುಗಳು

ಬರ ಘೋಷಿಸುವ ಅಧಿಕಾರ ರಾಜ್ಯ ಸರ್ಕಾರದ್ದೇ. ಆದರೆ ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ ನೆರವು ಬೇಕೆಂದರೆ ಕೇಂದ್ರ ಕೃಷಿ ಸಚಿವಾಲಯದ ಬರ ನಿರ್ವಹಣಾ ಕೈಪಿಡಿಯ ಪ್ರಕಾರವೇ ಘೋಷಿಸಬೇಕು. ಮೊದಲ ಕೈಪಿಡಿ ಬಂದದ್ದು 2009ರಲ್ಲಿ. ಬರ ಪರಿಹಾರದ ಬಗ್ಗೆ ಸ್ವರಾಜ್ ಅಭಿಯಾನ್ ಸಂಘಟನೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಮೇ 11ರಂದು ಕೊಟ್ಟ ತೀರ್ಪು ಅದನ್ನು ಆ ವರ್ಷದ ಕೊನೆಯೊಳಗೆ ಪರಿಷ್ಕರಿಸಲು ಹೇಳಿತು. ಡಿಸೆಂಬರ್ 2016ರ ಆ ಪರಿಷ್ಕೃತ ರೂಪವೇ, ಆಮೇಲಿನ ತಿದ್ದುಪಡಿಗಳ ಸಮೇತ, ಈಗ ಜಾರಿಯಲ್ಲಿದೆ.

ಮೊದಲ ಮೆಟ್ಟಿಲು ಮಳೆ. ವಾಡಿಕೆಗಿಂತ ಎಷ್ಟು ಕಡಿಮೆ, ಸತತ ಒಣ ವಾರಗಳು ಎಷ್ಟು ಎಂಬ ಎರಡನ್ನೂ ಒಟ್ಟಿಗೆ ನೋಡುತ್ತಾರೆ. ಹವಾಮಾನ ಇಲಾಖೆಯ ಭಾಷೆಯಲ್ಲಿ ಶೇ 20ರಿಂದ 59 ಕಡಿಮೆಯಾದರೆ ‘ಕೊರತೆ’, ಶೇ 60 ದಾಟಿದರೆ ‘ತೀವ್ರ ಕೊರತೆ’. ಒಣ ಅವಧಿ ಎಂದರೆ ಸತತ ಮೂರ್ನಾಲ್ಕು ವಾರ, ಪ್ರತಿ ವಾರವೂ ಆ ವಾರದ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ. ಈ ಮೆಟ್ಟಿಲು ದಾಟಿದ ತಾಲ್ಲೂಕಿಗೆ ಮಾತ್ರ ಎರಡನೆಯದು: ಬಿತ್ತನೆ ಪ್ರದೇಶ, ಉಪಗ್ರಹ ತೋರಿಸುವ ಹಸಿರು, ಮಣ್ಣಿನ ತೇವಾಂಶ, ಜಲಾಶಯ ಹಾಗೂ ಅಂತರ್ಜಲದ ಸ್ಥಿತಿ. ಈ ನಾಲ್ಕು ಗುಂಪುಗಳಲ್ಲಿ ಮೂರನ್ನು ಪರಿಗಣಿಸುತ್ತಾರೆ. ಮೂರೂ ತೀವ್ರ ಎಂದರೆ ತೀವ್ರ ಬರ. ಮೂರನೆಯ ಮೆಟ್ಟಿಲು ಹೊಲಕ್ಕೇ ಹೋಗಿ ನೋಡುವುದು: ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಪ್ರತಿ ಹಳ್ಳಿಯಲ್ಲಿ ಐದು ತಾಕು. ಬೆಳೆ ನಷ್ಟ ಶೇ 33ರಿಂದ 50 ಇದ್ದರೆ ಸಾಧಾರಣ, 50 ದಾಟಿದರೆ ತೀವ್ರ. ಮುಂಗಾರಿನ ಬರ ಘೋಷಣೆಗೆ ಅಕ್ಟೋಬರ್ 30, ಹಿಂಗಾರಿಗೆ ಮಾರ್ಚ್ 31 ಗಡುವು.

ಕಾಗದದ ಮೇಲೆ ಇದು ಅಚ್ಚುಕಟ್ಟು. ಒಣ ವಾರದ ನಿಯಮವೊಂದನ್ನೇ ತೆಗೆದುಕೊಂಡು ನೋಡಿ. ಒಂದು ತಾಲ್ಲೂಕಿನ ವಾರದ ವಾಡಿಕೆ 30 ಮಿ.ಮೀ. ಎಂದಿಟ್ಟುಕೊಳ್ಳಿ. ಮೊದಲ ವಾರ 4, ಎರಡನೇ ವಾರ 2, ಮೂರನೇ ವಾರದ ಒಂದು ಸಂಜೆ ಗುಡುಗಿ 16 ಮಿ.ಮೀ. ಬಿತ್ತು. ಅದು ವಾಡಿಕೆಯ ಶೇ 53. ಒಣ ಅವಧಿ ಅಲ್ಲಿಗೆ ಮುರಿಯಿತು, ಲೆಕ್ಕ ಮತ್ತೆ ಒಂದರಿಂದ ಶುರು. ಆ 16 ಮಿ.ಮೀ. ಕಾದ ಕೆಂಪು ನೆಲದ ಮೇಲ್ಪದರವನ್ನು ನೆನೆಸಿ ಮಾರನೆಯ ದಿನವೇ ಆವಿಯಾಗಿರುತ್ತದೆ, ಬೇರಿಗೆ ತಲುಪಿರುವುದಿಲ್ಲ. ಮೂರು ವಾರದ ಅರ್ಥವೂ ಎಲ್ಲ ಕಡೆ ಒಂದೇ ಅಲ್ಲ. ವಿಜಯಪುರದ ಆಳವಾದ ಎರೆಭೂಮಿ ಮೂರು ವಾರ ತಾಳುತ್ತದೆ, ಚಿತ್ರದುರ್ಗದ ತೆಳು ಕೆಂಪು ಮಣ್ಣಿನಲ್ಲಿ ಎರಡು ವಾರಕ್ಕೇ ಶೇಂಗಾ ಎಲೆ ಮಡಚುತ್ತದೆ. ಮಳೆ ಕೊರತೆಯ ಮಿತಿಯನ್ನು ಇಳಿಸಿ, ಮೂರು ವಾರವನ್ನು ಎರಡಕ್ಕೆ ತನ್ನಿ ಎಂದು ರಾಜ್ಯ ಕೇಂದ್ರಕ್ಕೆ ಬರೆದದ್ದು ಇದೇ ಕಾರಣಕ್ಕೆ. ಮಾನದಂಡ ಸಡಿಲಿಸಿದರೆ ಪ್ರತಿ ವರ್ಷ ಪ್ರತಿ ರಾಜ್ಯವೂ ಬರ ಎಂದೀತು ಎಂಬ ಕೇಂದ್ರದ ಕಡೆಯ ಅಳುಕಿನಲ್ಲೂ ಸತ್ಯ ಇಲ್ಲದಿಲ್ಲ. ಆದರೆ ಬೇಕಾದದ್ದು ಸಡಿಲಿಕೆಗಿಂತ ಹೆಚ್ಚಾಗಿ ಮಣ್ಣಿಗೆ ತಕ್ಕ ಅಳತೆ.

113ರಲ್ಲಿ 62, ಉಳಿದವು?

ಆಗಸ್ಟ್ ಕೊನೆಯ ಹೊತ್ತಿಗೆ ಮೊದಲ ಎರಡು ಮೆಟ್ಟಿಲು ದಾಟಿ ಹೊಲ ಸಮೀಕ್ಷೆಗೆ ಅರ್ಹವಾದವು 113 ತಾಲ್ಲೂಕು. ಸಮೀಕ್ಷೆ ಮುಗಿಸಿ ನೋಡಿದರೆ ಮಾನದಂಡಕ್ಕೆ ಸರಿಹೊಂದಿದ್ದು 62 ಮಾತ್ರ. ಉಳಿದ 51ರಲ್ಲಿ ಬೆಳೆ ಚೆನ್ನಾಗಿತ್ತೆಂದಲ್ಲ, ಸಮೀಕ್ಷೆಯ ದಿನ ನಷ್ಟ ಇನ್ನೂ ಶೇಕಡಾವಾರು ಮಿತಿ ಮುಟ್ಟಿರಲಿಲ್ಲ. ಕಂದಾಯ ಸಚಿವ ಕೃಷ್ಣ ಬೈರೇಗೌಡರ ನೇತೃತ್ವದ ಸಂಪುಟ ಉಪಸಮಿತಿ ಆ 51ನ್ನೂ ಹೊಸದಾಗಿ ಸೇರಿದ 83ನ್ನೂ ಕೂಡಿಸಿ 134 ತಾಲ್ಲೂಕುಗಳಲ್ಲಿ ಮತ್ತೆ ಸಮೀಕ್ಷೆ ಮಾಡಿಸಿತು. ಎರಡೇ ವಾರದೊಳಗೆ ಪಟ್ಟಿ 62ರಿಂದ 195ಕ್ಕೆ ಏರಿತು.

ಇಲ್ಲಿ ಇನ್ನೊಂದು ಆಯ್ಕೆ ಇತ್ತು: 62ನ್ನು ಮೊದಲೇ ಘೋಷಿಸಿ ಉಳಿದವನ್ನು ಆಮೇಲೆ ಸೇರಿಸುವುದು. ಹಾಗೆ ಮಾಡಿದ್ದರೆ ಆ ತಾಲ್ಲೂಕುಗಳಿಗೆ ಕುಡಿಯುವ ನೀರು, ಮೇವಿನ ದುಡ್ಡು ಕೆಲವು ದಿನ ಮುಂಚೆ ಹೋಗುತ್ತಿತ್ತು. ಆದರೆ ಕೇಂದ್ರಕ್ಕೆ ಕಳಿಸುವ ಮನವಿ ಪತ್ರ ತುಂಡು ತುಂಡಾಗುತ್ತಿತ್ತು, ಅಧ್ಯಯನ ತಂಡ ಬರುವುದು ಒಂದೇ ಸಲ. ರಾಜ್ಯ ಕಾಯ್ದು ಒಟ್ಟಿಗೆ ಘೋಷಿಸಿತು. ಅಷ್ಟಾಗಿಯೂ ಮನವಿಯನ್ನು ಆಮೇಲೆ ಪರಿಷ್ಕರಿಸಬೇಕಾಗಿ ಬಂತು.

ಅಳೆಯುವ ಸಾಮರ್ಥ್ಯದಲ್ಲಿ ಕರ್ನಾಟಕ ಹಿಂದಿಲ್ಲ. ದೇಶದ ಮೊದಲ ಬರ ನಿಗಾ ಘಟಕ ಶುರುವಾದದ್ದು ಇಲ್ಲಿ, 1988ರಲ್ಲಿ. ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದರ ಮುಂದುವರಿಕೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6 ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ಆದರೆ ಅಷ್ಟು ಸೂಕ್ಷ್ಮವಾಗಿ ಅಳೆದದ್ದನ್ನು ಕೊನೆಗೆ ತಾಲ್ಲೂಕಿನ ಸರಾಸರಿಗೆ ಇಳಿಸುತ್ತೇವೆ. ಬೆಳೆ ವಿಮೆ ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೇ ಘಟಕವಾಗಿ ಹಿಡಿಯುತ್ತದೆ, ಬರ ಪರಿಹಾರ ಹಿಡಿಯುವುದು ತಾಲ್ಲೂಕನ್ನು. ಒಂದೇ ಹೊಲಕ್ಕೆ ಎರಡು ತಕ್ಕಡಿ.

ಹಸಿರು ಬರ

ಅಕ್ಟೋಬರ್ ಮೊದಲ ವಾರ ಕೇಂದ್ರದ ಅಧ್ಯಯನ ತಂಡ ಬಂದಾಗ ಹಲವೆಡೆ ಹೊಲ ಹಸಿರಾಗಿತ್ತು. ಸೆಪ್ಟೆಂಬರ್‌ನಲ್ಲಿ ಬಿದ್ದ ಮಳೆ ಅದಕ್ಕೆ ಕಾರಣ. ‘ಹಸಿರು ಬರ’ ಎಂಬ ಮಾತನ್ನು ಸರ್ಕಾರ ತಂಡದ ಮುಂದಿಟ್ಟದ್ದು ಆಗಲೇ. ಹೊರಗಿನಿಂದ ಬಂದವರಿಗೆ ಇದು ನೆಪದಂತೆ ಕೇಳಿಸಬಹುದು, ಆದ್ದರಿಂದ ಒಂದು ಮೆಕ್ಕೆಜೋಳದ ಗಿಡವನ್ನೇ ಬಿಡಿಸಿ ನೋಡುವುದು ಒಳ್ಳೆಯದು.

ಮೆಕ್ಕೆಜೋಳ ಬಿತ್ತಿದ 50–60 ದಿನಕ್ಕೆ ಸೂಲಂಗಿ (ಗಂಡು ಹೂ) ಬಿಟ್ಟು, ತೆನೆಯಿಂದ ರೇಷ್ಮೆಯಂಥ ಎಳೆ ಹೊರಬರುತ್ತದೆ. ಆ ಹತ್ತು ಹದಿನೈದು ದಿನ ತೇವ ಇಲ್ಲದಿದ್ದರೆ ಎಳೆ ಹೊರಬರುವುದು ತಡವಾಗುತ್ತದೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಆಮೇಲೆ ಎಷ್ಟೇ ಮಳೆ ಬಂದರೂ ದಂಟು ದಪ್ಪವಾದೀತು, ಎಲೆ ಕಪ್ಪುಹಸಿರಾದೀತು, ಕಾಳು ಕಟ್ಟುವುದಿಲ್ಲ. ಸಿಪ್ಪೆ ಸುಲಿದರೆ ತುದಿಯ ಅರ್ಧ ಬೋಳು, ಉಳಿದರ್ಧದಲ್ಲಿ ಅಲ್ಲೊಂದು ಇಲ್ಲೊಂದು ಕಾಳು. ರಸ್ತೆಯಲ್ಲಿ ನಿಂತು ನೋಡಿದರೆ ಇದು ಗೊತ್ತಾಗುವುದಿಲ್ಲ, ತೆನೆ ಸುಲಿಯಲೇಬೇಕು.

ಉಪಗ್ರಹ ನೋಡುವುದೂ ರಸ್ತೆಯಲ್ಲಿ ನಿಂತವನ ಹಾಗೆಯೇ. ಸಸ್ಯಸ್ಥಿತಿ ಸೂಚ್ಯಂಕದ ಲೆಕ್ಕ ಸರಳ: ಈಗಿನ ಹಸಿರಿನ ಅಂಕಿಯಿಂದ ಹಿಂದಿನ ವರ್ಷಗಳ ಕನಿಷ್ಠವನ್ನು ಕಳೆದು, ಗರಿಷ್ಠ–ಕನಿಷ್ಠಗಳ ಅಂತರದಿಂದ ಭಾಗಿಸಿ, ನೂರರಿಂದ ಗುಣಿಸುವುದು. ಕನಿಷ್ಠ 0.20, ಗರಿಷ್ಠ 0.70, ಈಗ 0.48 ಇದ್ದರೆ ಬರುವುದು 56. ಮೇಲ್ನೋಟಕ್ಕೆ ಇದು ಮಧ್ಯಮ ಸ್ಥಿತಿ. ಆ 0.48ರೊಳಗೆ ಕಾಳಿಲ್ಲದ ಮೆಕ್ಕೆಜೋಳ ಎಷ್ಟು, ಬದುವಿನ ಹುಲ್ಲೆಷ್ಟು, ಪಾರ್ಥೇನಿಯಂ ಎಷ್ಟು, ಪಕ್ಕದ ನೀಲಗಿರಿ ಎಷ್ಟು ಎಂದು ಸೂಚ್ಯಂಕ ಹೇಳುವುದಿಲ್ಲ. ಮಳೆ ಬಿದ್ದು ಹತ್ತೇ ದಿನಕ್ಕೆ ಕಳೆ ಚಿಗುರಿ ಅಂಕಿ ಏರುತ್ತದೆ. ಹಾಗಾಗಿ ಯಾವ ಹದಿನೈದು ದಿನದ ಚಿತ್ರ ಹಿಡಿಯುತ್ತೇವೆ ಎನ್ನುವುದು ಮುಖ್ಯ. ಬೆಳೆ ಹೂವಾಡುವ ಹದಿನೈದು ದಿನದ ಚಿತ್ರಕ್ಕೆ ಹೆಚ್ಚು ತೂಕ ಕೊಟ್ಟರೆ ಈ ಮೋಸ ಬಹುಮಟ್ಟಿಗೆ ತಪ್ಪುತ್ತದೆ. ಅದಕ್ಕೆ ಬಿತ್ತನೆ ದಿನಾಂಕ ಬೇಕು, ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಅದನ್ನು ಆಗಿಂದಾಗಲೇ ಸರಿಯಾಗಿ ದಾಖಲಿಸಬೇಕು.

18,171 ಕೋಟಿಯ ಒಡಲಲ್ಲಿ ಏನಿತ್ತು

ರಾಜ್ಯದ ಲೆಕ್ಕದಲ್ಲಿ 48 ಲಕ್ಷ ಹೆಕ್ಟೇರಿಗೂ ಹೆಚ್ಚು ಬೆಳೆ ಹಾಳು, ನಷ್ಟ 35,162 ಕೋಟಿ ರೂಪಾಯಿ. ಕೇಳಿದ ನೆರವು 18,171.44 ಕೋಟಿ. ಪತ್ರಿಕೆಗಳಲ್ಲಿ ಈ ದೊಡ್ಡ ಅಂಕಿ ಓಡಾಡಿತು, ಅದರ ಬಿಡಿಭಾಗಗಳು ಅಷ್ಟಾಗಿ ಓಡಾಡಲಿಲ್ಲ. ಬೆಳೆ ನಷ್ಟದ ಇನ್‌ಪುಟ್ ಸಬ್ಸಿಡಿ (ಬೀಜ, ಗೊಬ್ಬರದಂಥ ಖರ್ಚಿಗೆ ಕೊಡುವ ನೆರವು) 4,663.12 ಕೋಟಿ. ಜೀವನೋಪಾಯ ಕಳೆದುಕೊಂಡ ಕುಟುಂಬಗಳಿಗೆ ತುರ್ತು ನೆರವು 12,577.86 ಕೋಟಿ. ಕುಡಿಯುವ ನೀರಿಗೆ 566.78 ಕೋಟಿ, ಜಾನುವಾರಿಗೆ 363.68 ಕೋಟಿ. ಅಂದರೆ ಬೇಡಿಕೆಯ ಸುಮಾರು ಶೇ 69 ಒಂದೇ ಬಾಬ್ತಿನಲ್ಲಿತ್ತು. ಜೀವನೋಪಾಯ ನಷ್ಟವನ್ನು ಯಾರು, ಹೇಗೆ ಪ್ರಮಾಣೀಕರಿಸಬೇಕೆಂಬುದು ಬೆಳೆ ನಷ್ಟದಷ್ಟು ಖಚಿತವಲ್ಲದ್ದರಿಂದ ಕತ್ತರಿ ಬೀಳುವುದು ಇಂಥ ಬಾಬ್ತಿಗೇ. ಕೊನೆಗೆ ಬಿಡುಗಡೆಯಾದ ಸುಮಾರು 3,454 ಕೋಟಿ, ಒಟ್ಟು ಬೇಡಿಕೆಯ ಶೇ 19. ಇನ್‌ಪುಟ್ ಸಬ್ಸಿಡಿಯ ಬೇಡಿಕೆಗೆ ಹೋಲಿಸಿದರೆ ಶೇ 74. ಯಾವುದಕ್ಕೆ ಹೋಲಿಸುತ್ತೀರಿ ಎನ್ನುವುದರ ಮೇಲೆ ‘ಚಿಲ್ಲರೆ ಕಾಸು’ ಎಂದೂ ವಾದಿಸಬಹುದು, ‘ಹೆಚ್ಚುಕಡಿಮೆ ಸಿಕ್ಕಿತು’ ಎಂದೂ ವಾದಿಸಬಹುದು. ಎರಡೂ ಕಡೆಯವರು ವಾದಿಸಿದರು.

ಇನ್‌ಪುಟ್ ಸಬ್ಸಿಡಿಯ ದರ 2022–26ರ ಅವಧಿಗೆ ಹೀಗಿತ್ತು: ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500 ರೂ., ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಒಬ್ಬ ರೈತನಿಗೆ ಹೆಚ್ಚೆಂದರೆ 2 ಹೆಕ್ಟೇರ್. 8,500 ಅಂದರೆ ಎಕರೆಗೆ ಸುಮಾರು 3,400 ರೂಪಾಯಿ, ಬೀಜ ಗೊಬ್ಬರ ಉಳುಮೆಯ ಬಿಲ್ಲಿನ ಒಂದು ಪಾಲು. ಹೆಸರೇ ಹೇಳುವಂತೆ ಇದು ಮುಂದಿನ ಬಿತ್ತನೆಗೆ ಕೈಹಿಡಿಯುವ ಸಹಾಯ, ನಷ್ಟ ಪರಿಹಾರ ಅಲ್ಲ. ಹಾಗಾದರೆ ಅದು ತಲುಪಬೇಕಾದದ್ದು ಮುಂದಿನ ಬಿತ್ತನೆಗೆ ಮುಂಚೆ. 2023ರ ಹಿಂಗಾರು ಬಿತ್ತನೆ ಅಕ್ಟೋಬರ್–ನವೆಂಬರ್‌ನಲ್ಲಿ ಆಗಿಹೋಯಿತು, ಅಕ್ಟೋಬರ್ ಮಳೆಯೂ ಕೈಕೊಟ್ಟಿತ್ತು.

ಅಧ್ಯಯನ ತಂಡದ ವರದಿ ಬಂದ ತಿಂಗಳೊಳಗೆ ನೆರವಿನ ತೀರ್ಮಾನ ಆಗಬೇಕೆಂಬುದು ಕೈಪಿಡಿಯ ಮಾತು, ರಾಜ್ಯದ ಅರ್ಜಿಯ ಮುಖ್ಯ ತಕರಾರೂ ಅದೇ. ವರದಿ ಅಕ್ಟೋಬರ್‌ನಲ್ಲೇ ಸಲ್ಲಿಕೆಯಾಗಿತ್ತು. ಅದು ಮೊದಲು ರಾಷ್ಟ್ರೀಯ ಕಾರ್ಯಕಾರಿ ಸಮಿತಿಯ ಉಪಸಮಿತಿಗೆ, ಅಲ್ಲಿಂದ ಕೇಂದ್ರ ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಗೆ ಹೋಗಬೇಕು. ಈ ಸಮಿತಿ ಇಂಥ ದಿನದೊಳಗೆ ಸೇರದಿದ್ದರೆ ಏನು ಎಂಬುದಕ್ಕೆ ಕೈಪಿಡಿಯಲ್ಲಿ ಉತ್ತರವಿಲ್ಲ. ಗಡುವು ತಪ್ಪಿದರೆ ಬೇಡಿಕೆಯ ಇಂತಿಷ್ಟು ಪಾಲು ತಂತಾನೇ ಮುಂಗಡವಾಗಿ ಹೋಗುವ ಏರ್ಪಾಡು ಇದ್ದಿದ್ದರೆ ಕೋರ್ಟಿನ ದಾರಿ ಬೇಕಾಗುತ್ತಿರಲಿಲ್ಲ. ಬೆಳೆ ವಿಮೆಯಲ್ಲಿ ಅಂಥದ್ದು ಈಗಾಗಲೇ ಇದೆ: ಹಂಗಾಮಿನ ಮಧ್ಯದಲ್ಲೇ ಇಳುವರಿ ಅರ್ಧಕ್ಕಿಂತ ಕೆಳಗಿಳಿಯುವುದು ಖಚಿತವಾದರೆ ಅಂದಾಜು ಪರಿಹಾರದ ಶೇ 25 ಮೊದಲೇ ಕೊಡಬೇಕು.

ಪಹಣಿ ಒಬ್ಬರ ಹೆಸರಲ್ಲಿ, ಉಳುವವರು ಇನ್ನೊಬ್ಬರು

ಕೇಂದ್ರದ ದಾರಿ ಕಾಯುತ್ತಲೇ ರಾಜ್ಯ ಮೊದಲ ಕಂತಾಗಿ ರೈತರಿಗೆ ತಲಾ ಗರಿಷ್ಠ 2,000 ರೂ. ಕೊಟ್ಟಿತು, 30 ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ. ಇದಕ್ಕೆ ಆಧಾರ ‘ಫ್ರೂಟ್ಸ್’ ಎಂಬ ರಾಜ್ಯದ ರೈತ ನೋಂದಣಿ ದತ್ತಾಂಶ. ಅದರಲ್ಲಿ ಎಫ್‌ಐಡಿ (ರೈತ ಗುರುತಿನ ಸಂಖ್ಯೆ) ಇದ್ದು, ಸರ್ವೆ ನಂಬರ್ ಅದಕ್ಕೆ ಜೋಡಣೆಯಾಗಿ, ಬ್ಯಾಂಕ್ ಖಾತೆಗೆ ಆಧಾರ್ ಸೇರಿದ್ದರೆ ದುಡ್ಡು ನೇರ ಬರುತ್ತದೆ. ಎಡವುವುದು ಮೂರ್ನಾಲ್ಕು ಕಡೆ. ರೈತನಿಗೆ ಇರುವ ಮೂರು ಸರ್ವೆ ನಂಬರಿನಲ್ಲಿ ಒಂದೇ ಎಫ್‌ಐಡಿಗೆ ಸೇರಿದ್ದರೆ ಪರಿಹಾರ ಆ ಒಂದಕ್ಕೇ. ಪಹಣಿ ತೀರಿಹೋದ ಅಜ್ಜನ ಹೆಸರಲ್ಲಿದ್ದು ಪೌತಿ ಖಾತೆ (ವಾರಸುದಾರರ ಹೆಸರಿಗೆ ವರ್ಗ) ಆಗದಿದ್ದರೆ ಯಾರಿಗೂ ಇಲ್ಲ. ಜಂಟಿ ಪಹಣಿಯಲ್ಲಿ ಯಾರ ಪಾಲೆಷ್ಟು ಎಂದು ನಮೂದಾಗಿರುವುದಿಲ್ಲ. ಕೋರಿಗೆ (ಬೆಳೆಯ ಪಾಲಿಗೆ), ಗುತ್ತಿಗೆಗೆ ಮಾಡುವವರು, ಸರ್ಕಾರಿ ಜಮೀನನ್ನು ಹಕ್ಕುಪತ್ರವಿಲ್ಲದೆ ಉಳುವ ಬಗರ್‌ಹುಕುಂ ಸಾಗುವಳಿದಾರರು ಈ ಲೆಕ್ಕಕ್ಕೆ ಕಾಣುವುದೇ ಇಲ್ಲ. ಬಿತ್ತಿದ ಖರ್ಚು ಅವರದ್ದು, ಸಬ್ಸಿಡಿ ಪಹಣಿದಾರರದ್ದು. ಕೊನೆಯದನ್ನು ಬಿಟ್ಟರೆ ಉಳಿದವು ಏಪ್ರಿಲ್–ಮೇ ತಿಂಗಳಲ್ಲಿ ಗ್ರಾಮ ಆಡಳಿತಾಧಿಕಾರಿಯ ಕಚೇರಿಯಲ್ಲೇ ಸರಿಪಡಿಸಬಹುದಾದ ತೊಡಕುಗಳು. ಬರ ಬಂದ ಮೇಲೆ ನವೆಂಬರ್‌ನಲ್ಲಿ ಅಭಿಯಾನ ಮಾಡಿದರೆ ಸಾಲು ಉದ್ದವಾಗುತ್ತದೆ.

ಮರುಭೂಮೀಕರಣದ ಕಡತ ಬೇರೆ ಬೀರುವಿನಲ್ಲಿ

ಒಣ ಪ್ರದೇಶದ ಭೂಮಿ ಸತ್ವ ಕಳೆದುಕೊಳ್ಳುವುದೇ ಮರುಭೂಮೀಕರಣ. ಭಾರತ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದವನ್ನು ಅನುಮೋದಿಸಿದ್ದು 1996ರಲ್ಲಿ, ಮೊದಲ ರಾಷ್ಟ್ರೀಯ ಕಾರ್ಯಯೋಜನೆ ತಂದದ್ದು 2001ರಲ್ಲಿ. ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರದ ನಕ್ಷೆಗಳ ಪ್ರಕಾರ ದೇಶದಲ್ಲಿ ಸವಕಳಿಯಾದ ಭೂಮಿ 2011–13ರಲ್ಲಿ 9.64 ಕೋಟಿ ಹೆಕ್ಟೇರ್, 2018–19ರಲ್ಲಿ 9.785 ಕೋಟಿ ಹೆಕ್ಟೇರ್, ಅಂದರೆ ಭೂಭಾಗದ ಶೇ 29.77. 2030ರೊಳಗೆ 2.6 ಕೋಟಿ ಹೆಕ್ಟೇರ್ ಪುನಶ್ಚೇತನಗೊಳಿಸುವ ಗುರಿ ಘೋಷಿಸಿದ್ದು 2019ರಲ್ಲಿ. ಒಪ್ಪಂದದ ಹೆಸರಲ್ಲೇ ಬರವೂ ಸೇರಿದೆ. ದೆಹಲಿಯಲ್ಲಿ ಮಾತ್ರ ಮರುಭೂಮೀಕರಣ ಪರಿಸರ ಸಚಿವಾಲಯಕ್ಕೆ, ಬರ ಕೃಷಿಗೆ, ಪರಿಹಾರ ನಿಧಿ ಗೃಹ ಇಲಾಖೆಗೆ, ಜಲಾನಯನ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಭೂಸಂಪನ್ಮೂಲ ಇಲಾಖೆಗೆ. ನಾಲ್ಕೂ ಒಂದೇ ಹೊಲಕ್ಕೆ ಸಂಬಂಧಿಸಿದವು.

ಹಣದ ಲೆಕ್ಕದಲ್ಲಿ ಇದು ಎದ್ದು ಕಾಣುತ್ತದೆ. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಭಾಗದ ಎರಡನೇ ಹಂತದಲ್ಲಿ ಬಯಲು ಪ್ರದೇಶದ ಉಪಚಾರಕ್ಕೆ (ಬದು, ಹೊಂಡದಂಥ ಮಣ್ಣು–ನೀರು ಉಳಿಸುವ ಕೆಲಸಕ್ಕೆ) ಹೆಕ್ಟೇರಿಗೆ 22,000 ರೂ. ದರ. ಬರ ಬಂದಾಗ ಅದೇ ಮಳೆಯಾಶ್ರಿತ ಹೆಕ್ಟೇರಿಗೆ 8,500. ಮೂರು ಬರಕ್ಕೆ ಕೊಡುವ ದುಡ್ಡು ಒಂದು ಜಲಾನಯನ ಉಪಚಾರವನ್ನು ದಾಟುತ್ತದೆ. 15ನೇ ಹಣಕಾಸು ಆಯೋಗ ಅತಿ ಬರಪೀಡಿತ 12 ರಾಜ್ಯಗಳಿಗೆ, ಕರ್ನಾಟಕವೂ ಸೇರಿ, ಬರ ತಗ್ಗಿಸುವ ಕೆಲಸಕ್ಕೆ ಐದು ವರ್ಷಕ್ಕೆ ಒಟ್ಟು 1,200 ಕೋಟಿ ಶಿಫಾರಸು ಮಾಡಿತ್ತು. ಕರ್ನಾಟಕ ಒಂದಕ್ಕೇ ಒಂದೇ ಬರಕ್ಕೆ ಹೋದದ್ದು ಅದರ ಎರಡೂವರೆ ಪಟ್ಟಿಗೂ ಹೆಚ್ಚು.

ಉಪಚಾರದಿಂದ ಆಗಸ್ಟ್‌ನ ಬರ ತಪ್ಪುತ್ತಿತ್ತೇ? ಪೂರ್ತಿ ಇಲ್ಲ, ಆದರೆ ಲೆಕ್ಕ ಹಾಕಿ ನೋಡಬಹುದು. 10×10 ಮೀಟರ್, 3 ಮೀಟರ್ ಆಳದ ಕೃಷಿಹೊಂಡಕ್ಕೆ 1:1 ಇಳಿಜಾರು ಕೊಟ್ಟರೆ ತಳ 4×4 ಆಗುತ್ತದೆ, ಹಿಡಿಯುವ ನೀರು 156 ಘನ ಮೀಟರ್. ಒಂದು ಎಕರೆಗೆ ಹರಡಿದರೆ ಅದು 38 ಮಿ.ಮೀ. ಮಳೆಗೆ ಸಮ. ಮೆಕ್ಕೆಜೋಳ ಎಳೆ ಬಿಡುವ ಹೊತ್ತಿಗೆ ಕೊಡುವ ಒಂದು ಜೀವರಕ್ಷಕ ನೀರಿಗೆ ಅಷ್ಟು ಸಾಕು. 2023ರ ಜುಲೈ ಮಳೆ ಅಂಥ ಹೊಂಡ ತುಂಬಿಸುವಂಥದ್ದೇ. ಆದರೆ ಕೆಂಪು ಮಣ್ಣಿನಲ್ಲಿ ಪಾಲಿಥೀನ್ ಹೊದಿಕೆ ಇಲ್ಲದ ಹೊಂಡ ಎರಡು ವಾರದಲ್ಲಿ ಇಂಗಿಹೋಗುತ್ತದೆ. ಒಳಹರಿವಿನ ಬಾಯಲ್ಲಿ ಹೂಳುಗುಂಡಿ ತೋಡದಿದ್ದರೆ ಮೂರ್ನಾಲ್ಕು ಮಳೆಗಾಲಕ್ಕೆ ಆಳ ಅರ್ಧವಾಗುತ್ತದೆ. ಪಂಪ್‌ಸೆಟ್ ಇಲ್ಲದಿದ್ದರೆ ನೀರಿದ್ದೂ ಹೊಲಕ್ಕೆ ಹತ್ತುವುದಿಲ್ಲ. ಹಾಗಾಗಿ ‘ಇಷ್ಟು ಹೊಂಡ ತೋಡಿದೆವು’ ಎಂಬ ವರದಿಗಿಂತ ಆಗಸ್ಟ್ 15ರಂದು ಎಷ್ಟು ಹೊಂಡದಲ್ಲಿ ನೀರಿತ್ತು ಎಂಬ ಎಣಿಕೆಗೇ ಬೆಲೆ.

ಎಲ್ಲಿ ಹೊಂಡ, ಎಲ್ಲಿ ಬದು, ಎಲ್ಲಿ ಎರಡು ವಾರದ ಒಣ ಅವಧಿಯೇ ಬರ ಎಂದು ತೀರ್ಮಾನಿಸಲು ಬೇಕಾದ ಮಾಹಿತಿ ರಾಜ್ಯದಲ್ಲಿ ಒಂದಷ್ಟು ಕಡೆ ಈಗಾಗಲೇ ಇದೆ. ವಿಶ್ವಬ್ಯಾಂಕ್ ನೆರವಿನ ಸುಜಲಾ–3 ಯೋಜನೆಯಲ್ಲಿ 11 ಜಿಲ್ಲೆಗಳ ಆಯ್ದ ಕಿರು ಜಲಾನಯನಗಳಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. 1:7,920 ಅಳತೆಯ ಗ್ರಾಮ ನಕ್ಷೆಯ ಮೇಲೆ, ಸರ್ವೆ ನಂಬರ್‌ವಾರು ಮಣ್ಣಿನ ಆಳ, ಗರಸು, ಇಳಿಜಾರು, ನೀರು ಹಿಡಿಯುವ ಶಕ್ತಿ ಗುರುತಾಗಿವೆ. ಬರ ಸಮೀಕ್ಷೆಗೆ ಶೇ 10 ಹಳ್ಳಿ ಆರಿಸುವಾಗ ಆ ನಕ್ಷೆ ಹರಡಿಕೊಂಡು, ತೆಳು ಮಣ್ಣಿನ ಹಳ್ಳಿಗಳನ್ನೂ ಆಳ ಮಣ್ಣಿನ ಹಳ್ಳಿಗಳನ್ನೂ ಬೇರೆ ಬೇರೆ ಗುಂಪು ಮಾಡಿ ಎರಡರಿಂದಲೂ ಚೀಟಿ ಎತ್ತಿದರೆ, ತಾಲ್ಲೂಕಿನ ಸರಾಸರಿಯ ಕೆಳಗೆ ಹೂತುಹೋಗುವ ಹಳ್ಳಿಗಳು ಮೊದಲ ಸುತ್ತಿನಲ್ಲೇ ಕಾಣುತ್ತವೆ. ಅದಕ್ಕೆ ಹೊಸ ಯಂತ್ರವೂ ಬೇಡ, ಹೊಸ ನಿಧಿಯೂ ಬೇಡ; ಚೀಟಿ ಎತ್ತುವ ಮುಂಚೆ ಒಂದು ಮಧ್ಯಾಹ್ನದ ಕೆಲಸ.